ಬಸ್ಸು ಹತ್ತಿದ್ದಕ್ಕೆ ಗರ್ಭ ಹೋಗಲಿಲ್ಲ

ಮೂರು ಸಲ ಗರ್ಭ ನಿಲ್ಲದೆ ಹೋದ ದಂಪತಿ ನನ್ನ ಬಳಿ ಸಲಹೆಗೆ ಬಂದಿದ್ದರು. ಮೊದಲೆರಡು ತಾನಾಗಿ ಆದ ಬಸಿರು, ಮೂರನೆಯದು ಒಡವೆ ಅಡವಿಟ್ಟು ಮಾಡಿಸಿದ, ದೇಹದ ಹೊರಗೆ ಭ್ರೂಣ ಮಾಡಿ ಗರ್ಭಕೋಶಕ್ಕೆ ಬಿಡುವ ಐವಿಎಫ್‌ನದು. ಆಕೆಗೆ 36 ವರ್ಷ, ಗಾರ್ಮೆಂಟ್ಸ್‌ನಲ್ಲಿ ಕೆಲಸ. ಆತನದು ಪುಟ್ಟ ಬೇಕರಿ. ಗುರುತು ಸಿಗದಿರಲೆಂದು ಕೆಲವು ವಿವರ ಬದಲಿಸಿದ್ದೇನೆ. "ನಾನೇನು ತಪ್ಪು ಮಾಡಿದೆ?" ಎಂದು ಆಕೆ ಕೇಳಿದ್ದನ್ನೇ ಇಂಥ ನೋವಿನಲ್ಲಿ ಬರುವ ಹೆಣ್ಣುಮಕ್ಕಳೆಲ್ಲ ಕೇಳುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಎರಡನೇ ಭೇಟಿಗೆ ಆಕೆ ಗೋಡೆ ಕ್ಯಾಲೆಂಡರಿನ ಹಾಳೆಗಳನ್ನು ಹರಿದು ತಂದಿದ್ದರು. ಹಾಲಿನ ಲೆಕ್ಕದ ಪಕ್ಕದಲ್ಲೇ ಸಣ್ಣಕ್ಷರದಲ್ಲಿ ಬರೆದಿತ್ತು: ಪಪ್ಪಾಯ ಒಂದು ಹೋಳು, ಎರಡು ಬಿಂದಿಗೆ ನೀರು, ಅತ್ತೆ ಜೊತೆ ಮಾತಿಗೆ ಮಾತು. ಒಂದು ತಾರೀಖಿಗೆ ಕೆಂಪು ಸುತ್ತು. ತಂಗಿಯ ಸೀಮಂತಕ್ಕೆ ಬಸ್ಸಿನಲ್ಲಿ ಹೋಗಿಬಂದ ದಿನ ಅದು. ಮೂರು ದಿನ ಬಿಟ್ಟು ಮಾಡಿಸಿದ ಸ್ಕ್ಯಾನ್‌ನಲ್ಲಿ ಹೃದಯಬಡಿತ ಇರಲಿಲ್ಲ.

"ನಿಮ್ಮ ತಪ್ಪಿಲ್ಲ" ಎಂದು ಹತ್ತು ಜನ ಆಗಲೇ ಹೇಳಿದ್ದರು, ಆಕೆ ನಂಬಿರಲಿಲ್ಲ. ಹಾಗಾಗಿ ಸ್ಕ್ಯಾನ್ ವರದಿಯನ್ನು ಅದೇ ಹಾಳೆಯ ಪಕ್ಕ ಇಟ್ಟು ಕೂಡಿ ಎಣಿಸಿದೆವು. ಐವಿಎಫ್‌ನಲ್ಲಿ ದಿನದ ಲೆಕ್ಕ ತಪ್ಪುವುದಿಲ್ಲ. ಗರ್ಭದ ವಾರಗಳನ್ನು ಕೊನೆಯ ಮುಟ್ಟಿನಿಂದ ಎಣಿಸುವುದು ರೂಢಿ, ಹಾಗಾಗಿ ಐದು ದಿನದ ಭ್ರೂಣವನ್ನು ಗರ್ಭಕೋಶಕ್ಕೆ ಬಿಟ್ಟ ದಿನವನ್ನು 2 ವಾರ 5 ದಿನ ಎಂದು ಹಿಡಿಯುತ್ತಾರೆ. ಆ ಪ್ರಕಾರ ಸ್ಕ್ಯಾನ್ ದಿನಕ್ಕೆ 8 ವಾರ 5 ದಿನ ಆಗಿರಬೇಕಿತ್ತು. ವರದಿಯಲ್ಲಿದ್ದ ಭ್ರೂಣದ ಉದ್ದ 10 ಮಿಲಿಮೀಟರ್, ಸುಮಾರು 7 ವಾರದ ಬೆಳವಣಿಗೆ. ಅಂದರೆ ಬೆಳವಣಿಗೆ ನಿಂತು ಹೆಚ್ಚುಕಡಿಮೆ 12 ದಿನ ಕಳೆದಿತ್ತು. ಬಸ್ಸು ಹತ್ತಿದ್ದು ಅದು ನಿಂತ ಮೇಲೆ, ಒಂಬತ್ತು ದಿನಕ್ಕೆ.

ಆಕೆ ಬೆರಳಿಟ್ಟು ಇನ್ನೊಮ್ಮೆ ಎಣಿಸಿದರು. ಮೊದಲ ಮೂರು ತಿಂಗಳಲ್ಲಿ ಹೋಗುವ ಗರ್ಭಗಳಲ್ಲಿ ಅರ್ಧದಷ್ಟಕ್ಕಾದರೂ ಕಾರಣ ಭ್ರೂಣದ ಕ್ರೋಮೋಸೋಮ್, ಅಂದರೆ ವಂಶವಾಹಿಗಳನ್ನು ಹೊತ್ತ ಎಳೆಗಳ, ದೋಷ. ವಯಸ್ಸು 35 ದಾಟಿದಂತೆ ಅಂಡದಲ್ಲಿ ಅದು ಹೆಚ್ಚುತ್ತದೆ. ಬಿಂದಿಗೆ ಎತ್ತಿದ್ದರಿಂದ ಅದು ಬರುವುದಿಲ್ಲ, ಭ್ರೂಣ ಒಳಗೆ ಬಿಟ್ಟ ಮೇಲೆ ಆಕೆ ಮಾಡಿದಂತೆ 14 ದಿನ ಮಲಗಿಯೇ ಇದ್ದರೂ ಹೋಗುವುದಿಲ್ಲ.

ಅಲ್ಲಿಯವರೆಗೆ ಸುಮ್ಮನೆ ಕೂತಿದ್ದ ಗಂಡ ಹಾಳೆಗಳನ್ನು ತಿರುವಿ ನೋಡಿ, "ಇದ್ರಲ್ಲಿ ನಂದು ಒಂದೂ ಇಲ್ವಲ್ಲ ಮೇಡಂ" ಅಂದರು.

ನಿಜ. ಮೂರು ಗರ್ಭ ಹೋದರೂ ಆತನಿಗೆ ಮಾಡಿದ್ದು ಒಂದೇ ವೀರ್ಯ ಪರೀಕ್ಷೆ. ಸಂಖ್ಯೆ ಸರಿಯಿದೆ ಎಂದು ಅಲ್ಲಿಗೇ ಬಿಟ್ಟಿದ್ದರು. ದಿನಕ್ಕೆ ಎಂಟು ಪ್ಯಾಕೆಟ್ ಗುಟ್ಕಾ, ಬೆಳಗಿನ ಜಾವದಿಂದ ಭಟ್ಟಿ ಮುಂದಿನ ಕೆಲಸ, ಇದಾವುದನ್ನೂ ಯಾರೂ ಕೇಳಿರಲಿಲ್ಲ. ತಂಬಾಕಿನಿಂದಲೂ ವೃಷಣಕ್ಕೆ ತಾಗುವ ಶಾಖದಿಂದಲೂ ವೀರ್ಯಾಣುವಿನ ಡಿಎನ್‌ಎ ತುಂಡಾಗಬಹುದು. ಎಣಿಕೆಯಲ್ಲಿ ಅದು ಕಾಣುವುದಿಲ್ಲ. ಗರ್ಭ ಹೋದದ್ದು ಇದರಿಂದಲೇ ಎನ್ನಲು ಆಧಾರವಿಲ್ಲ ಎಂದು ಇಬ್ಬರಿಗೂ ಬಿಡಿಸಿ ಹೇಳಿದೆ. ಹೆಂಡತಿ ತಲೆಯಿಂದ ಇಳಿಸಿದ್ದನ್ನು ಗಂಡನ ತಲೆಗೆ ಹೊರಿಸಲು ನಾನು ತಯಾರಿರಲಿಲ್ಲ.

ಫ್ರೀಜ್ ಮಾಡಿಟ್ಟ ಭ್ರೂಣ ಉಳಿದಿರಲಿಲ್ಲ, ಐವಿಎಫ್ ಅನ್ನು ಮತ್ತೆ ಮೊದಲಿನಿಂದ ಮಾಡಿಸಬೇಕಿತ್ತು. ಆಕೆಗೆ ಮುಂದಿನ ತಿಂಗಳೇ ಶುರುಮಾಡುವ ಅವಸರ. ವೈದ್ಯರ ಜೊತೆ ಮಾತಾಡಿ ಮೂರು ತಿಂಗಳು ಕಾಯಿರಿ ಎಂದೆ. ಈ ವಯಸ್ಸಿನಲ್ಲಿ ಕಾಯಿಸುವುದೇ ಎಂದು ಆಕ್ಷೇಪಿಸುವವರಿದ್ದಾರೆ. 41 ಆಗಿದ್ದರೆ, ಅಥವಾ ಅಂಡ ಎಷ್ಟು ಉಳಿದಿವೆ ಎಂದು ಸೂಚಿಸುವ ಎಎಂಎಚ್ ಹಾರ್ಮೋನ್ ತೀರಾ ಕಡಿಮೆ ಇದ್ದಿದ್ದರೆ ನಾನೂ ಹೀಗೆ ಹೇಳುತ್ತಿರಲಿಲ್ಲ. ಆದರೆ ಹೊಸ ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಬೇಕು. ಗುಟ್ಕಾ ಇಂದು ಬಿಟ್ಟರೆ ಫಲ ಆಮೇಲೆ. ರಕ್ತ ಹೆಪ್ಪುಗಟ್ಟಿಸಿ ಗರ್ಭ ಹೋಗಲು ಕಾರಣವಾಗಬಲ್ಲ ಆ್ಯಂಟಿಫಾಸ್ಫೋಲಿಪಿಡ್ ಪ್ರತಿಕಾಯಗಳ ಪರೀಕ್ಷೆ ಒಮ್ಮೆ ಪಾಸಿಟಿವ್ ಬಂದರೆ ಸಾಲದು, 12 ವಾರ ಬಿಟ್ಟು ಮತ್ತೆ ಪಾಸಿಟಿವ್ ಬರಬೇಕು. ಎರಡು ಸಲವೂ ಬಂದವರಿಗೆ ಕಡಿಮೆ ಡೋಸಿನ ಆಸ್ಪಿರಿನ್ ಮತ್ತು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಸೂಜಿಮದ್ದು ನಿಜಕ್ಕೂ ನೆರವಾಗುತ್ತವೆ. ಪರೀಕ್ಷೆಯೇ ಇಲ್ಲದೆ, "ಯಾವುದಕ್ಕೂ ಇರಲಿ" ಎಂದು ದಿನವೂ ಹೊಟ್ಟೆಗೆ ಸೂಜಿ ಚುಚ್ಚಿಸಿಕೊಂಡು ಸಾಲ ಮಾಡಿಕೊಂಡವರನ್ನು ಕಂಡು ನನಗೆ ಸಂಕಟವಾಗುತ್ತದೆ.

ವೈದ್ಯರಲ್ಲಿ ಕೇಳಬೇಕಾದ ಉಳಿದದ್ದನ್ನು ಚೀಟಿಯಲ್ಲಿ ಬರೆದುಕೊಟ್ಟೆ. ಗರ್ಭಕೋಶದೊಳಗೆ ಅಡ್ಡಪರದೆ ಇದೆಯೇ ಎಂದು ನೋಡುವ 3ಡಿ ಸ್ಕ್ಯಾನ್, ಥೈರಾಯ್ಡ್, ಸಕ್ಕರೆಯ ಎಚ್‌ಬಿಎ1ಸಿ, ಇಬ್ಬರದೂ ಕ್ರೋಮೋಸೋಮ್ ಪರೀಕ್ಷೆ, ಆತನ ವೀರ್ಯಾಣುವಿನ ಡಿಎನ್‌ಎ ತುಂಡಾಗಿದೆಯೇ ಎಂಬ ಪರೀಕ್ಷೆ. ಆಕೆ ಈಗಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ತೆಗೆದುಕೊಳ್ಳಬೇಕು.

ಹೇಳಲು ಕಷ್ಟವಾದ ಮಾತೊಂದಿತ್ತು. ಮತ್ತೊಮ್ಮೆ ಹೀಗಾಗದಿರಲಿ, ಹಾಗೇನಾದರೂ ಆದರೆ, ಹೊರತೆಗೆದ ಅಂಗಾಂಶವನ್ನು ಸ್ಟೆರೈಲ್ ಸಲೈನ್‌ನಲ್ಲಿ (ಕ್ರಿಮಿರಹಿತ ಉಪ್ಪುನೀರಿನಲ್ಲಿ) ಕ್ರೋಮೋಸೋಮ್ ಪರೀಕ್ಷೆಗೆ ಕಳಿಸಲು ಮೊದಲೇ ಹೇಳಿಡಬೇಕು. ಅಂಗಾಂಶ ಕೊಳೆಯದಂತಿಡುವ ಫಾರ್ಮಲಿನ್ ದ್ರಾವಣಕ್ಕೆ ಹಾಕಿದರೆ ಜೀವಕೋಶ ಸತ್ತು, ಬೆಳೆಸಿ ನೋಡುವ ಪರೀಕ್ಷೆ ಆಗುವುದಿಲ್ಲ. ಮೂರನೆಯ ಸಲ ಅದೇ ಆಗಿತ್ತು. ಅಪಶಕುನ ನುಡಿದಂತೆ ಎಂದು ಈ ಮಾತನ್ನು ನುಂಗಿಕೊಂಡರೆ ಕಾರಣ ತಿಳಿಯುವ ದಾರಿಯೊಂದು ಮುಚ್ಚುತ್ತದೆ. ಇನ್ನೊಂದು, ಈಕೆಗೆ ಬೇಕಿರದಿದ್ದರೂ ಓದುವವರಿಗಾಗಿ: ನೆಗೆಟಿವ್ ಗುಂಪಿನ ರಕ್ತದವರು ಗರ್ಭ ಹೋದ 72 ಗಂಟೆಯೊಳಗೆ, ಮುಂದಿನ ಮಗುವಿನ ರಕ್ತಕ್ಕೆ ವಿರುದ್ಧವಾದ ಪ್ರತಿಕಾಯ ಹುಟ್ಟದಂತೆ ತಡೆಯುವ ಆ್ಯಂಟಿ-ಡಿ ಇಂಜೆಕ್ಷನ್ ಬೇಕೇ ಎಂದು ಕೇಳಲೇಬೇಕು.

ಹೊರಡುವಾಗ ತಿಳಿಯಿತು, ಪ್ರತಿ ಸಲವೂ ಆಕೆ ನಾಲ್ಕನೇ ದಿನಕ್ಕೇ ಕೆಲಸಕ್ಕೆ ಹೋಗಿದ್ದರು. ಗರ್ಭಪಾತವಾದರೆ ಕಾನೂನಿನ ಪ್ರಕಾರ ಆರು ವಾರ ಸಂಬಳ ಸಹಿತ ರಜೆಯಿದೆ, ಇಎಸ್‌ಐ ಇರುವವರಿಗೂ ಆರು ವಾರದ ಭತ್ಯೆಯಿದೆ ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ಕೊನೆಯ ಗರ್ಭ ಹೋಗಿ ಆಗಿನ್ನೂ ಮೂರು ವಾರ. ವೈದ್ಯರ ಪ್ರಮಾಣಪತ್ರ ಹಿಡಿದು ಮರುದಿನ ಫ್ಯಾಕ್ಟರಿಗೆ ಹೋದದ್ದು ಗಂಡ.