ಉದ್ಯೋಗಿಯ ಮೇಲೆ ಸುಳ್ಳು ಕ್ರಿಮಿನಲ್ ಮೊಕದ್ದಮೆ ಹೂಡಿಸಿದ ಮಾಲೀಕರು ನಷ್ಟ ಪರಿಹಾರಕ್ಕೆ ಹೊಣೆಯಾಗುತ್ತಾರೆಯೇ?

ಹೊಣೆಯಾಗಬಹುದು, ಆದರೆ ಉದ್ಯೋಗಿ ಖುಲಾಸೆಯಾದ ಮಾತ್ರಕ್ಕೆ ಆ ಹೊಣೆ ತಾನಾಗಿ ಹುಟ್ಟುವುದಿಲ್ಲ. ಇಂಗ್ಲಿಷ್ ಕಾಮನ್ ಲಾ (ನ್ಯಾಯಾಲಯಗಳ ತೀರ್ಪುಗಳಿಂದ ಬೆಳೆದ ಕಾನೂನು) ಪರಂಪರೆಯ ದೇಶಗಳಲ್ಲಿ ಪರಿಹಾರ ಕೇಳುವವರು, ಮೊಕದ್ದಮೆಯನ್ನು ಹೂಡಿಸಿದ್ದು ಮಾಲೀಕರೇ ಎಂಬುದನ್ನೂ, ಅದು ತಮ್ಮ ಪರವಾಗಿ ಮುಗಿಯಿತೆಂಬುದನ್ನೂ, ಅದಕ್ಕೆ ಸಮಂಜಸ ಕಾರಣವಿರದೆ ದುರುದ್ದೇಶವಿತ್ತೆಂಬುದನ್ನೂ, ಅದರಿಂದ ತಮಗೆ ಹಾನಿಯಾಯಿತೆಂಬುದನ್ನೂ ಸಾಬೀತುಪಡಿಸಬೇಕು.

ಇವುಗಳಲ್ಲಿ ಮೊದಲನೆಯದೇ ಕಠಿಣ. ದೂರು ಕೊಟ್ಟದ್ದಷ್ಟೇ ತಾವು, ಆರೋಪ ಹೊರಿಸಿದ್ದು ಪೊಲೀಸರು ಎಂಬ ಮಾಲೀಕರ ವಾದಕ್ಕೆ ಸಾಮಾನ್ಯವಾಗಿ ಬಲವಿದೆ. ಆದರೂ, ದೂರುದಾರರಿಗೆ ಮಾತ್ರ ಗೊತ್ತಿರಬಹುದಾದ ಸಂಗತಿಯ ಬಗ್ಗೆ ಅವರು ತಿಳಿದೂ ತಿಳಿದೂ ಸುಳ್ಳು ಹೇಳಿ, ಪೊಲೀಸರು ಸ್ವತಂತ್ರವಾಗಿ ನಿರ್ಧರಿಸಲಾಗದಂತೆ ಮಾಡಿದ್ದರೆ, ದೂರುದಾರರನ್ನೇ ಮೊಕದ್ದಮೆ ಹೂಡಿದವರೆಂದು ಪರಿಗಣಿಸಬಹುದೆಂದು ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ 1995ರಲ್ಲಿ ಮಾರ್ಟಿನ್ ಮತ್ತು ವಾಟ್ಸನ್ ಪ್ರಕರಣದಲ್ಲಿ ತೀರ್ಪಿತ್ತಿತು. ಉದ್ಯೋಗಿ ನಿರಪರಾಧಿಯೆಂದು ತೋರಿಸುವ ರಸೀದಿ ಅಥವಾ ಲೆಕ್ಕಪತ್ರಗಳನ್ನು ಬೇಕೆಂದೇ ಮುಚ್ಚಿಟ್ಟ ಸಂಸ್ಥೆಗೆ, ಪೊಲೀಸರ ಹಿಂದೆ ಅಡಗುವ ಅವಕಾಶವಿರಬಾರದೆಂದೇ ನನ್ನ ದೃಢ ಅಭಿಪ್ರಾಯ.

ದೂರು ಕೊಟ್ಟವರು ಮ್ಯಾನೇಜರ್ ಆಗಿದ್ದರೆ, ಹಾಗೆ ಮಾಡುವುದು ಅವರ ಕೆಲಸದ ವ್ಯಾಪ್ತಿಯಲ್ಲಿತ್ತೇ ಎಂಬುದು ಮುಖ್ಯ. ಮೊಕದ್ದಮೆ ಹೂಡುವ ಅಧಿಕಾರ ಬ್ಯಾಂಕ್ ಮ್ಯಾನೇಜರರ ದೈನಂದಿನ ಕರ್ತವ್ಯದಿಂದಲೇ ಬರುವುದಿಲ್ಲವೆಂದು ಬ್ರಿಟಿಷ್ ವಸಾಹತುಗಳ ಅಂತಿಮ ಮೇಲ್ಮನವಿ ನ್ಯಾಯಾಲಯವಾಗಿದ್ದ ಪ್ರಿವಿ ಕೌನ್ಸಿಲ್ 1879ರಲ್ಲಿ, ಬ್ಯಾಂಕ್ ಆಫ್ ನ್ಯೂ ಸೌತ್ ವೇಲ್ಸ್ ಮತ್ತು ಓಸ್ಟನ್ ಪ್ರಕರಣದಲ್ಲಿ ಹೇಳಿತ್ತು. ಮೇಲಧಿಕಾರಿಗಳ ಆದೇಶ ಅಥವಾ ನಂತರದ ಅನುಮೋದನೆ ಇದ್ದರೆ ಚಿತ್ರ ಬದಲಾಗುತ್ತದೆ.

ದುರುದ್ದೇಶವನ್ನು ಸಂದರ್ಭದಿಂದ ಊಹಿಸಬಹುದು: ಬಾಕಿ ಸಂಬಳ ಕೇಳಿದ ಕೂಡಲೇ ಕಳ್ಳತನದ ದೂರು ದಾಖಲಾಗಿದ್ದರೆ ಆ ಕಾಲಕ್ರಮವೇ ಸಾಕ್ಷ್ಯವಾದೀತು. ಆದ್ದರಿಂದ ಪತ್ರವ್ಯವಹಾರ, ಆಂತರಿಕ ತನಿಖಾ ವರದಿ, ಖುಲಾಸೆಯ ಆದೇಶದ ದೃಢೀಕೃತ ಪ್ರತಿ ಇವನ್ನು ಜೋಪಾನವಾಗಿಟ್ಟು, ದಾವೆಯ ಕಾಲಮಿತಿ ಮೀರುವ ಮೊದಲೇ ವಕೀಲರನ್ನು ಕಾಣಬೇಕು.