ಓದುಗರ ಪ್ರಶ್ನೆ, ಮಕ್ಕಳ ಡಾಕ್ಟರ ಉತ್ತರ: ಊಟಕ್ಕೆ ಮೊದಲು ಹಸಿವು ಬರಲಿ

ಪ್ರಶ್ನೆ: ಮಗನಿಗೆ ಆರು ವರ್ಷ. ಮೊಬೈಲ್ ಹಿಡಿಯದೆ ಒಂದು ತುತ್ತೂ ಇಳಿಯುವುದಿಲ್ಲ, ರಾತ್ರಿ ಊಟಕ್ಕೆ ಒಂದೂವರೆ ಗಂಟೆ ಬೇಕು. ತೂಕ 17 ಕೆ.ಜಿ. ಪಕ್ಕದ ಮನೆ ಹುಡುಗ ಅದೇ ವಯಸ್ಸಿಗೆ 22 ಕೆ.ಜಿ. ಇದ್ದಾನೆ. ಹೋದ ವರ್ಷಕ್ಕಿಂತ ಇವನು 2 ಕೆ.ಜಿ. ಜಾಸ್ತಿಯಾಗಿದ್ದಾನೆ, 6 ಸೆಂ.ಮೀ. ಉದ್ದವಾಗಿದ್ದಾನೆ. ಆದರೂ ಬಂದವರೆಲ್ಲ ‘ಯಾಕಮ್ಮ ಇಷ್ಟು ಸಣ್ಣ’ ಅನ್ನುತ್ತಾರೆ. ಹಸಿವಾಗಲು ಟಾನಿಕ್ ಹೇಳಿ. ಹಾಲಿಗೆ ಯಾವ ಪೌಡರ್ ಒಳ್ಳೆಯದು? ಅವನ ಒಂದು ದಿನದ ಊಟ ತಿಂಡಿ ಬರೆದು ಕಳಿಸಿದ್ದೇನೆ.
– ಒಬ್ಬ ತಾಯಿ, ತುಮಕೂರು

ಉತ್ತರ: ನಿಮ್ಮ ಮಗ ಚೆನ್ನಾಗಿಯೇ ಬೆಳೆಯುತ್ತಿದ್ದಾನಮ್ಮ. ಐದು ವರ್ಷ ದಾಟಿದ ಮೇಲೆ ಪ್ರಾಯಕ್ಕೆ ಬರುವ ತನಕ ಮಕ್ಕಳು ವರ್ಷಕ್ಕೆ ಹೆಚ್ಚುಕಡಿಮೆ 5–6 ಸೆಂ.ಮೀ. ಉದ್ದ, 2–3 ಕೆ.ಜಿ. ತೂಕ ಏರುತ್ತಾರೆ. ಅವನು ಅದೇ ದಾರಿಯಲ್ಲಿದ್ದಾನೆ. ಮಗುವನ್ನು ಹೋಲಿಸಬೇಕಾದ್ದು ಹೋದ ವರ್ಷದ ಅದೇ ಮಗುವಿನ ಜೊತೆ, ಪಕ್ಕದ ಮನೆಯ ಹುಡುಗನ ಜೊತೆ ಅಲ್ಲ.

ನೀವು ಬರೆದ ಪಟ್ಟಿಯನ್ನು ಎರಡು ಸಲ ಓದಿದೆ. ಬೆಳಿಗ್ಗೆ ಆರೂವರೆಗೆ ದೊಡ್ಡ ಲೋಟದ ತುಂಬ ಪೌಡರ್ ಹಾಕಿದ ಹಾಲು, ಜೊತೆಗೆ ನಾಲ್ಕು ಬಿಸ್ಕತ್ತು. ಎಂಟಕ್ಕೆ ಅರ್ಧ ದೋಸೆ. ಶಾಲೆಯಿಂದ ಡಬ್ಬಿ ಹಾಗೇ ವಾಪಸ್. ನಾಲ್ಕಕ್ಕೆ ಮತ್ತೆ ದೊಡ್ಡ ಲೋಟ ಹಾಲು, ಆರಕ್ಕೆ ಒಂದು ಪ್ಯಾಕೆಟ್ ಚಿಪ್ಸ್, ಎಂಟೂವರೆಗೆ ಅನ್ನ ಸಾರು ಮತ್ತು ಮೊಬೈಲ್, ಮಲಗುವಾಗ ಇನ್ನೊಂದು ಲೋಟ ಹಾಲು. ಇದರಲ್ಲಿ ಅವನಿಗೆ ಹಸಿವಾಗಲು ಸಮಯ ಎಲ್ಲಿದೆ ಹೇಳಿ? ಹಸಿವು ತಲೆಯೆತ್ತುವ ಹೊತ್ತಿಗೆ ಸರಿಯಾಗಿ ಏನೋ ಒಂದು ಬಾಯಿಗೆ ಬಿದ್ದಿರುತ್ತದೆ. ಇದಕ್ಕೆ ಟಾನಿಕ್ ಬೇಕಿಲ್ಲ.

ಹಾಲನ್ನು ಎರಡು ಸಣ್ಣ ಲೋಟಕ್ಕೆ ಇಳಿಸಿ. ದಿನಕ್ಕೆ ಅರ್ಧ ಲೀಟರ್ ದಾಟಬಾರದು. ಹಾಲು ಜಾಸ್ತಿಯಾದರೆ ಹೊಟ್ಟೆ ತುಂಬಿ ಊಟ ಸೇರುವುದಿಲ್ಲ, ಹಾಲಿನಲ್ಲಿ ಕಬ್ಬಿಣದ ಅಂಶ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, ಹಾಗಾಗಿ ಹಾಲು ಕುಡಿದೇ ದಿನ ತಳ್ಳುವ ಮಕ್ಕಳಲ್ಲಿ ರಕ್ತ ಕಡಿಮೆ ಇರುವುದನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ. ಪೌಡರ್ ಬಿಡಿ. ಅಂಥ ಹಲವು ಡಬ್ಬಿಗಳ ಹಿಂಬದಿ ಓದಿದರೆ ಸಕ್ಕರೆ ಎಷ್ಟಿದೆ ಅಂತ ಗೊತ್ತಾಗುತ್ತದೆ. 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರವೇ ಇಂಥ ಪಾನೀಯಗಳನ್ನು ‘ಹೆಲ್ತ್ ಡ್ರಿಂಕ್’ ಪಟ್ಟಿಯಿಂದ ತೆಗೆಯಿರಿ ಎಂದು ಆನ್‌ಲೈನ್ ಮಾರಾಟದ ತಾಣಗಳಿಗೆ ಹೇಳಿತ್ತು.

ಶಾಲೆಯಿಂದ ಬಂದ ಕೂಡಲೇ ಬಾಳೆಹಣ್ಣೋ, ಬೇಯಿಸಿದ ಕಡಲೆಕಾಯಿಯೋ, ಸೀಬೆಕಾಯಿಯೋ ಕೊಟ್ಟು ಹೊರಗೆ ಕಳಿಸಿ. ಐದರಿಂದ ಕತ್ತಲಾಗುವ ತನಕ ಓಡಲಿ, ಬೀಳಲಿ, ಲಗೋರಿ ಆಡಲಿ, ಮಣ್ಣಾಗಲಿ. ಬಂದು ಕೈಕಾಲು ತೊಳೆದ ಮೇಲೆ ಏಳೂವರೆಗೆಲ್ಲ ನಿಮ್ಮ ಜೊತೆಗೇ ತಟ್ಟೆ ಹಾಕಿ, ಸ್ವಲ್ಪವೇ ಬಡಿಸಿ. ಬೇಕಾದರೆ ಅವನೇ ಕೇಳಲಿ. ಏನು ಅಡುಗೆ, ಯಾವಾಗ ಊಟ ಎನ್ನುವುದು ನಿಮ್ಮ ಕೈಲಿರಲಿ, ಎಷ್ಟು ತಿನ್ನಬೇಕು ಎನ್ನುವುದು ಅವನ ಹೊಟ್ಟೆಗೆ ಬಿಟ್ಟಿದ್ದು. ಅರ್ಧ ಗಂಟೆ ಆದಮೇಲೆ ಬೈಯದೆ, ಮುದ್ದು ಮಾಡದೆ ಸುಮ್ನೆ ತಟ್ಟೆ ಎತ್ತಿಬಿಡಿ. ಹಿಂದೆಯೇ ‘ಪಾಪ, ಏನೂ ತಿಂದಿಲ್ಲ’ ಅಂತ ಬಿಸ್ಕತ್ತು ಕೊಟ್ಟರೆ ಎಲ್ಲವೂ ನೀರಿನಲ್ಲಿ ಹೋಮ. ಮೊದಲ ನಾಲ್ಕೈದು ದಿನ ಅಳು, ಹಠ ಎಲ್ಲ ಇರುತ್ತದೆ. ಮನೆಯ ಹಿರಿಯರು ನಿಮ್ಮನ್ನೇ ಬೈಯಬಹುದು. ಅವರನ್ನು ಮೊದಲೇ ಕೂರಿಸಿಕೊಂಡು ಮಾತಾಡಿ, ಅವರು ಜೊತೆಗಿದ್ದರೆ ಕೆಲಸ ಅರ್ಧ ಆದಂತೆ. ಮೊಬೈಲ್ ಮಾತ್ರ ಊಟದ ಹೊತ್ತಿಗೆ ಯಾರ ಕೈಯಲ್ಲೂ ಬೇಡ, ನಿಮ್ಮ ಯಜಮಾನರ ಕೈಯಲ್ಲೂ.

ಜಂತುಹುಳದ ಮಾತ್ರೆ ತಪ್ಪಿಸಬೇಡಿ. ಫೆಬ್ರವರಿ 10 ಮತ್ತು ಆಗಸ್ಟ್ 10ರ ಹೊತ್ತಿಗೆ ಶಾಲೆ, ಅಂಗನವಾಡಿಗಳಲ್ಲಿ ಕೊಡುತ್ತಾರೆ. ಆರು ತಿಂಗಳಾದರೂ ತೂಕ ಏರದಿದ್ದರೆ, ಮುಖ ಬಿಳುಚಿಕೊಂಡಿದ್ದರೆ, ಭೇದಿ ಕೆಮ್ಮು ಬಿಡದೆ ಕಾಡಿದರೆ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ನಾನು ಮೊಮ್ಮಗಳಿಗೆ ರಾಗಿ ಗಂಜಿ ಕೊಡುತ್ತೇನೆ. ಸೊಸೆ ಓಟ್ಸ್ ತಂದಿದ್ದಾಳೆ. ಮಳೆಗಾಲದಲ್ಲಿ ರಾಗಿ ಶೀತ ಅನ್ನುತ್ತಾಳೆ. ಮಗುವಿಗೆ ನಾಲ್ಕು ವರ್ಷ. ನನ್ನ ಜೊತೆ ಬೆಳಿಗ್ಗೆ ಟೀಗೆ ರಸ್ಕ್ ಅದ್ದಿ ತಿನ್ನುವ ಅಭ್ಯಾಸವೂ ಇದೆ.
– ಅಜ್ಜಿ, ಚಿತ್ರದುರ್ಗ

ಉತ್ತರ: ಅಜ್ಜಿ, ರಾಗಿ ಬಿಡಬೇಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಷ್ಟೇ ಹಾಲಿನಲ್ಲಿ 120ರ ಆಸುಪಾಸು, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಹತ್ತೂ ಇರುವುದು ಕಷ್ಟ. ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಹಿಟ್ಟು ಮಾಡಿಸಿದರೆ ಇನ್ನೂ ಒಳ್ಳೆಯದು, ಅದರ ಸತ್ವ ಮೈಗೆ ಚೆನ್ನಾಗಿ ಹಿಡಿಯುತ್ತದೆ. ನೆಗಡಿ ಬರುವುದು ವೈರಸ್‌ನಿಂದ, ರಾಗಿಯಿಂದಲ್ಲ. ಬಿಸಿ ಗಂಜಿ ಮಳೆಗಾಲದಲ್ಲೂ ಆಗುತ್ತದೆ. ಓಟ್ಸ್ ಕೆಟ್ಟದ್ದೇನಲ್ಲ, ವಾರದಲ್ಲಿ ಒಂದೆರಡು ದಿನ ಸೊಸೆಯ ಮಾತೂ ನಡೆಯಲಿ. ಬೆಲ್ಲ ಮಾತ್ರ ಕೈ ಹಿಡಿದು ಹಾಕಿ, ಬೆಲ್ಲವೂ ಸಕ್ಕರೆಯ ಅಣ್ಣತಮ್ಮನೇ.

ಟೀ ಮಗುವಿಗೆ ಬೇಡ. ಒಂದು ಗುಟುಕೂ ಬೇಡ. ಊಟದಲ್ಲಿನ ಕಬ್ಬಿಣದ ಅಂಶ ಮೈಗೆ ಸೇರುವುದನ್ನು ಟೀ ತಡೆಯುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ನಮ್ಮ ದೇಶದ ಮಕ್ಕಳಲ್ಲಿ ಶೇ. 67ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಇಂಥ ಕಡೆ ಮಗುವಿನ ಬಾಯಿಗೆ ಟೀ ರುಚಿ ಹತ್ತಿಸುವುದು ತಪ್ಪು. ನುಗ್ಗೆಸೊಪ್ಪು, ದಂಟಿನಸೊಪ್ಪು ಹಾಕಿ ಮಸ್ಸೊಪ್ಪು ಮಾಡಿ, ಮೇಲೆ ನಾಲ್ಕು ಹನಿ ನಿಂಬೆ ಹಿಂಡಿ. ಹುಳಿ ಇದ್ದರೆ ಸೊಪ್ಪಿನ ಕಬ್ಬಿಣ ಚೆನ್ನಾಗಿ ಹಿಡಿಯುತ್ತದೆ.

ಪ್ರಶ್ನೆ: ಮಗಳಿಗೆ 11 ವರ್ಷ, ಒಂದೇ ವರ್ಷದಲ್ಲಿ 9 ಕೆ.ಜಿ. ಏರಿದ್ದಾಳೆ. ಶಾಲೆ ಮುಗಿಸಿ ಟ್ಯೂಷನ್, ಆಮೇಲೆ ಟಿವಿ. ನೆಂಟರು ‘ಗುಂಡಮ್ಮ’ ಅಂತ ಕರೆಯುತ್ತಾರೆ. ಅನ್ನ ನಿಲ್ಲಿಸಿ ಡಯಟ್ ಮಾಡಿಸಬಹುದಾ? ಕತ್ತಿನ ಹಿಂದೆ ಕಪ್ಪಾಗಿದೆ, ಎಷ್ಟು ಉಜ್ಜಿದರೂ ಹೋಗುತ್ತಿಲ್ಲ.
– ಒಬ್ಬ ತಂದೆ, ಬೆಂಗಳೂರು

ಉತ್ತರ: ಕೊನೆಯ ಮಾತಿನಿಂದ ಶುರು ಮಾಡುತ್ತೇನೆ. ಕತ್ತಿನ ಹಿಂದಿನ ಆ ಕಪ್ಪು ಕೊಳೆಯಲ್ಲ. ಎಷ್ಟೋ ಮನೆಗಳಲ್ಲಿ ಕಡಲೆಹಿಟ್ಟು, ನಿಂಬೆಹಣ್ಣು ಹಾಕಿ ಚರ್ಮ ಕೆಂಪಾಗುವ ತನಕ ಉಜ್ಜುತ್ತಾರೆ, ಮಗು ನೋವಿಗೆ ಅಳುತ್ತದೆ. ತೂಕ ಹೆಚ್ಚಿರುವ ಮಕ್ಕಳಲ್ಲಿ ಕತ್ತು, ಕಂಕುಳ ಹೀಗೆ ಮಖಮಲ್ಲಿನಂತೆ ದಪ್ಪಗೆ ಕಪ್ಪಾದರೆ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎನ್ನುವ ಸೂಚನೆ ಇರಬಹುದು. ಉಜ್ಜುವುದು ಇವತ್ತೇ ನಿಲ್ಲಿಸಿ, ಈ ವಾರವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಥೈರಾಯಿಡ್, ಸಕ್ಕರೆ ನೋಡಬೇಕೋ ಬೇಡವೋ ಅವರು ಹೇಳುತ್ತಾರೆ.

ಡಯಟ್ ಬೇಡ. ಉದ್ದವಾಗುವ ವಯಸ್ಸು ಅವಳದು, ಈಗ ಅನ್ನ ಕಿತ್ತುಕೊಳ್ಳಬಾರದು. ತಟ್ಟೆಯಲ್ಲಿ ಅನ್ನ ಸ್ವಲ್ಪ ಕಡಿಮೆಯಾಗಲಿ, ಹುಳಿ, ಪಲ್ಯ, ಕಾಳು, ಮೊಟ್ಟೆ ಸ್ವಲ್ಪ ಹೆಚ್ಚಾಗಲಿ. ಕೋಲಾ, ಪ್ಯಾಕೆಟ್ ಜ್ಯೂಸ್, ಸಂಜೆಯ ಬೇಕರಿ ಪಫ್ ಮನೆಯೊಳಗೆ ಬರುವುದೇ ಬೇಡ. ಅವಳಿಗೊಬ್ಬಳಿಗೆ ಬೇಡ ಅಂದು ತಮ್ಮನಿಗೆ ಕೊಟ್ಟರೆ ಅವಳ ಮನಸ್ಸು ಒಡೆಯುತ್ತದೆ, ಆಮೇಲೆ ಕದ್ದು ತಿನ್ನುತ್ತಾಳೆ. ಮನೆಯವರೆಲ್ಲರಿಗೂ ಒಂದೇ ಅಡುಗೆ, ಒಂದೇ ನಿಯಮ. ‘ಗುಂಡಮ್ಮ’ ಅನ್ನುವ ನೆಂಟರಿಗೆ ಅವಳ ಮುಂದೆಯೇ ‘ಹಾಗೆ ಕರೆಯಬೇಡಿ’ ಅಂತ ಹೇಳಿ. ಅಪ್ಪ ತನ್ನ ಪರ ನಿಂತ ಅನ್ನುವುದು ಅವಳಿಗೆ ಜೀವನಪೂರ್ತಿ ನೆನಪಿರುತ್ತದೆ.

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈಬೆವರುವ ಚಟುವಟಿಕೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವಾರದಲ್ಲಿ ಮೂರು ದಿನವಾದರೂ ಮೂಳೆ, ಸ್ನಾಯು ಗಟ್ಟಿಯಾಗುವ ಆಟ ಇರಬೇಕು. ಹಗ್ಗದಾಟ, ಕುಂಟೆಬಿಲ್ಲೆ, ಖೋಖೋ ಎಲ್ಲ ಅದೇ ಅಲ್ವಾ? ಒಂದೇ ಸಲ ಆಗಬೇಕಿಲ್ಲ, ಇಪ್ಪತ್ತು ನಿಮಿಷದಂತೆ ಮೂರು ಸಲ ಆದರೂ ಸಾಕು. ಟ್ಯೂಷನ್ ವಾರಕ್ಕೆ ಎರಡು ದಿನ ಕಡಿಮೆ ಮಾಡಿ ನೋಡಿ. ಅಪಾರ್ಟ್‌ಮೆಂಟ್‌ನಲ್ಲಿ ಜಾಗ ಇಲ್ಲದಿದ್ದರೆ ಪಾರ್ಕಿಂಗ್ ಜಾಗದಲ್ಲಿ ಶಟಲ್ ಆಡಿ, ನೀವೂ ಒಂದು ಬ್ಯಾಟ್ ಹಿಡಿಯಿರಿ. ಬಾ ಅಂತ ಕರೆಯುವ ಅಪ್ಪನ ಜೊತೆ ಮಕ್ಕಳು ಬರುತ್ತಾರೆ, ಹೋಗು ಅಂತ ತಳ್ಳುವ ಅಪ್ಪನ ಮಾತು ಕೇಳುವುದಿಲ್ಲ.

ಪ್ರಶ್ನೆ: ನನಗೆ 14. ಕ್ಲಾಸಲ್ಲಿ ಎಲ್ಲರಿಗಿಂತ ಕುಳ್ಳ. ಬಾರ್‌ಗೆ ನೇತಾಡಿದರೆ ಉದ್ದ ಆಗ್ತೀನಾ? ಜಿಮ್‌ಗೆ ಹೋಗಿ ಪ್ರೋಟೀನ್ ಪೌಡರ್ ತಗೊಳ್ಳಲಾ? ರಾತ್ರಿ ಹನ್ನೆರಡಾದರೂ ನಿದ್ದೆ ಬರಲ್ಲ.
– ಮೈಸೂರಿನ ಹುಡುಗ

ಉತ್ತರ: ನೇತಾಡಿದರೆ ತೋಳು ಗಟ್ಟಿಯಾಗುತ್ತದೆ, ಉದ್ದ ಆಗಲ್ಲ ಮರಿ. ಎತ್ತರ ಬಹುಪಾಲು ಅಪ್ಪ ಅಮ್ಮನಿಂದ ಬರುತ್ತದೆ. ಹುಡುಗರಲ್ಲಿ ಕೆಲವರು 12ಕ್ಕೇ ಚಿಗುರುತ್ತಾರೆ, ಕೆಲವರು 15ಕ್ಕೆ. ನಿನ್ನ ಸರದಿ ಇನ್ನೂ ಬಂದಿಲ್ಲದೆ ಇರಬಹುದು. ಒಂದು ಸಲ ಮಕ್ಕಳ ಡಾಕ್ಟರಿಗೆ ತೋರಿಸಿದರೆ ಅವರು ಅಳತೆ ತೆಗೆದು ನೋಡಿ ಹೇಳುತ್ತಾರೆ.

ಪೌಡರ್ ಬೇಡ. ನಿನ್ನ ವಯಸ್ಸಿಗೆ ದಿನಕ್ಕೆ ಸುಮಾರು 45 ಗ್ರಾಂ ಪ್ರೋಟೀನ್ ಸಾಕು. ಎರಡು ಮೊಟ್ಟೆಯಲ್ಲೇ 12 ಗ್ರಾಂ ಬಂತು. ಉಳಿದದ್ದು ಬೇಳೆ, ಹುರುಳಿ, ಹೆಸರುಕಾಳು, ಮೊಸರು, ಒಂದು ಹಿಡಿ ಕಡಲೆಬೀಜದಲ್ಲಿ ಸಿಗುತ್ತದೆ. ವ್ಯಾಯಾಮಕ್ಕೆ ನಿಮ್ಮೂರಿನ ಗರಡಿ ಮನೆಯ ದಂಡ, ಬಸ್ಕಿ ಸಾಕು. ಹೇಳಿಕೊಡುವವರು ಎದುರಿಗೆ ಇರಲಿ, ಭಾರ ಎತ್ತುವ ಪೈಪೋಟಿ ಬೇಡ. ನಿನಗೆ 8ರಿಂದ 10 ಗಂಟೆ ನಿದ್ದೆ ಬೇಕು. ಬೆಳೆಯುವ ಹಾರ್ಮೋನ್ ಹೆಚ್ಚಾಗಿ ಹರಿಯುವುದು ಗಾಢ ನಿದ್ದೆಯಲ್ಲೇ. ಇವತ್ತು ಒಂಬತ್ತೂವರೆಗೆ ಮೊಬೈಲನ್ನು ಹಾಲ್‌ನಲ್ಲಿ ಚಾರ್ಜ್‌ಗೆ ಹಾಕಿ ಬಂದು ಮಲಗು. ಎರಡು ವಾರ ಹೀಗೆ ಮಾಡಿ ನನಗೆ ಮತ್ತೆ ಬರೆ.