ಹಳೇ ಲ್ಯಾಪ್‌ಟಾಪಿಗೆ ಯಾವ ವಿಂಡೋ ಮ್ಯಾನೇಜರ್?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತ ಮೇಲೆ, ತೀರ್ಥಹಳ್ಳಿಯ ನನ್ನ ಡಿಟಿಪಿ ಅಂಗಡಿಗೆ ಬರುವವರ ಪ್ರಶ್ನೆಯೂ ಈ ಅಂಕಣಕ್ಕೆ ಬರುವ ಪ್ರಶ್ನೆಯೂ ಒಂದೇ ಆಗಿಬಿಟ್ಟಿದೆ. ಹಳೇ ಯಂತ್ರಕ್ಕೆ ಲಿನಕ್ಸ್ ಹಾಕಿದ್ದೇವೆ, ಆದರೂ ನಿಧಾನ, ಹಗುರದ ವಿಂಡೋ ಮ್ಯಾನೇಜರ್ (ಪರದೆಯ ಕಿಟಕಿಗಳನ್ನು ನೋಡಿಕೊಳ್ಳುವ ಪ್ರೋಗ್ರಾಂ) ಒಂದು ಹೇಳಿ ಅಂತ. ಹಾಗಾಗಿ ಈ ಸಲ ಪೂರ್ತಿ ಅದೇ.

ಪ್ರಶ್ನೆ: ಅಕ್ಕಾ, ಮನೆಯಲ್ಲಿ 2 ಜಿಬಿ ರ‍್ಯಾಮ್‌ನ ಹಳೇ ಲ್ಯಾಪ್‌ಟಾಪ್ ಇದೆ. ಡೆಬಿಯನ್ (ಲಿನಕ್ಸ್‌ನ ಒಂದು ರೂಪ) ಹಾಕಿ ಗ್ನೋಮ್ ಡೆಸ್ಕ್‌ಟಾಪ್ ಬಳಸುತ್ತಿದ್ದೇವೆ. ಒಂದು ಕ್ಲಿಕ್ ಮಾಡಿ ಕಾಫಿ ಕುಡಿದು ಬರಬಹುದು, ಅಷ್ಟು ನಿಧಾನ. ಅಪ್ಪ ಅಡಿಕೆ ರೇಟು ನೋಡುತ್ತಾರೆ, ಮಗಳು ಹೋಂವರ್ಕ್ ಮಾಡುತ್ತಾಳೆ, ನಾನು ತೋಟದ ಲೆಕ್ಕ ಬರೆಯುತ್ತೇನೆ. ಐಸ್‌ಡಬ್ಲ್ಯೂಎಂ, ಓಪನ್‌ಬಾಕ್ಸ್, ಜೆಡಬ್ಲ್ಯೂಎಂ, ಫ್ಲಕ್ಸ್‌ಬಾಕ್ಸ್, ಐ3 — ಈ ವಿಂಡೋ ಮ್ಯಾನೇಜರ್‌ಗಳಲ್ಲಿ ಅತಿ ಕಡಿಮೆ ರ‍್ಯಾಮ್ ತಿನ್ನುವುದು ಯಾವುದು?
— ಕೃಷಿಕರು, ಹೊಸನಗರ ತಾಲ್ಲೂಕು

ಉತ್ತರ: ಪ್ರಶ್ನೆಯನ್ನೇ ಸ್ವಲ್ಪ ತಿರುಗಿಸೋಣ ಮಾರಾಯ್ರೆ. ಗ್ನೋಮ್ ಏನೂ ಕೆಲಸವಿಲ್ಲದೆ ಕೂತಾಗಲೇ 1 ಜಿಬಿ ಆಸುಪಾಸು ಹಿಡಿದುಕೊಳ್ಳುತ್ತದೆ. ನಿಮ್ಮ ಪಟ್ಟಿಯಲ್ಲಿರುವ ಐದೂ ಕೆಲವು ಹತ್ತು ಮೆಗಾಬೈಟ್‌ನಲ್ಲಿ ಮುಗಿಸುತ್ತವೆ. ಗ್ನೋಮ್ ಬಿಟ್ಟು ಇವುಗಳಲ್ಲಿ ಯಾವುದಕ್ಕೆ ಬಂದರೂ ಲಾಭ ಲಾಭವೇ. ಆದರೆ ಈ ಐದರ ನಡುವಿನ ವ್ಯತ್ಯಾಸವನ್ನು ಬ್ರೌಸರಿನ ಒಂದೇ ಒಂದು ಟ್ಯಾಬ್ ನುಂಗಿ ಹಾಕುತ್ತದೆ. ಅದಕ್ಕಾಗಿ ತಲೆ ಕೆಡಿಸಿಕೊಳ್ಳಬೇಡಿ. ನೋಡಬೇಕಾದ್ದು ಬೇರೆ: ಆ ಯಂತ್ರದ ಮುಂದೆ ಯಾರು ಕೂರುತ್ತಾರೆ? ವಿಂಡೋ ಮ್ಯಾನೇಜರಿನ ಜೊತೆಗೆ ನೀವೇ ಏನೇನು ತಂದು ಹಾಕಬೇಕು?

ಯುನಿಕ್ಸ್ ಮಾದರಿಯ ಯಂತ್ರಗಳಲ್ಲಿ ಪರದೆಯ ಮೇಲೆ ಚಿತ್ರ ಮೂಡಿಸುವ ಎಕ್ಸ್ ಬೇರೆ, ಕಿಟಕಿಗೆ ಚೌಕಟ್ಟು ಹಾಕಿ ಅದನ್ನು ಎಳೆಯಲು, ಮುಚ್ಚಲು ಬಿಡುವ ವಿಂಡೋ ಮ್ಯಾನೇಜರ್ ಬೇರೆ. 1987ರಲ್ಲಿ ಎಕ್ಸ್11 ಬಂದಾಗಿನಿಂದ ಹೀಗೇ. ಅದಕ್ಕೇ ಒಂದನ್ನು ತೆಗೆದು ಇನ್ನೊಂದು ಹಾಕಲು ಆಗುವುದು. ಗ್ನೋಮ್ ಅಂದರೆ ಮದುವೆ ಊಟವನ್ನು ಪೂರ್ತಿ ಗುತ್ತಿಗೆ ಕೊಟ್ಟ ಹಾಗೆ. ಎಲೆಯಿಂದ ಹಿಡಿದು ವೀಳ್ಯದವರೆಗೆ ಅವರದ್ದೇ. ಬರೀ ಓಪನ್‌ಬಾಕ್ಸ್ ಅಂದರೆ ಅಡುಗೆ ಭಟ್ಟರೊಬ್ಬರೇ ಬಂದು ನಿಂತ ಹಾಗೆ. ಪಾತ್ರೆ, ಸೌದೆ, ಬಡಿಸುವವರು ಎಲ್ಲ ನಿಮ್ಮ ಪಾಲಿಗೆ.

ಆ ಪಾಲು ಎಷ್ಟು ಅಂತ ಮೊದಲೇ ಗೊತ್ತಿರಲಿ. ವೈಫೈ ಐಕಾನ್ ಇರುವುದಿಲ್ಲ. ಪೆನ್‌ಡ್ರೈವ್ ಚುಚ್ಚಿದರೆ ಏನೂ ಆಗುವುದಿಲ್ಲ. ದನಿ ಹೆಚ್ಚು ಕಡಿಮೆ ಮಾಡುವ ಕೀಲಿ ಕೆಲಸ ಮಾಡದೇ ಇರಬಹುದು. ನಮ್ಮ ಕಡೆ ಎಲ್ಲಕ್ಕಿಂತ ದೊಡ್ಡದು ಬ್ಯಾಟರಿ. ಆಷಾಢದ ಮಳೆಗೆ ಕರೆಂಟು ಹೋಯಿತು, ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಓಡುತ್ತಿದೆ, ಖಾಲಿಯಾಗುತ್ತಿದೆ ಅಂತ ಹೇಳುವವರೇ ಯಾರೂ ಇಲ್ಲ. ಕೊನೆಗೆ ಬರೆದ ಲೆಕ್ಕದ ಸಮೇತ ಪರದೆ ಕಪ್ಪು. ಸಿಬ್ಯಾಟ್‌ಐಕಾನ್ ಅನ್ನುವ ಪುಟ್ಟ ಪ್ರೋಗ್ರಾಂ ಇದೆ, ಅದನ್ನು ಮರೆಯದೆ ಹಾಕಿ. ಬ್ಯಾಟರಿ ಇಷ್ಟು ಶೇಕಡಾಕ್ಕೆ ಇಳಿದರೆ ಈ ಕೆಲಸ ಮಾಡು ಅಂತ ಅದಕ್ಕೆ ಹೇಳಿಡಬಹುದು. ಹಳೇ ಬ್ಯಾಟರಿಗಳು ಸುಳ್ಳು ಹೇಳುತ್ತವೆ. 30 ತೋರಿಸುತ್ತಾ ತೋರಿಸುತ್ತಾ ಸೀದಾ ಸೊನ್ನೆಗೆ ಬೀಳುತ್ತವೆ. ಹಾಗಾಗಿ ಎಚ್ಚರಿಕೆಯನ್ನು ಶೇಕಡಾ 40ಕ್ಕೇ ಇಡಿ.

ಇನ್ನು ಯಾರು ಕೂರುತ್ತಾರೆ ಅನ್ನುವುದು. ನಮ್ಮ ಬೀದಿಯ ಒಬ್ಬರ ಮನೆಗೆ ದೀಪಾವಳಿಗೆ ಬಂದ ಅಕ್ಕನ ಮಗ, ಮನೆಯ ಲ್ಯಾಪ್‌ಟಾಪಿಗೆ ಐ3 ಹಾಕಿ ಬೆಂಗಳೂರಿಗೆ ವಾಪಸ್ ಹೋದ. ಮರುದಿನ ಅವರು ಅದನ್ನು ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಬಂದರು. "ಹಾಳಾಗಿದೆ ಕಣ್ರೀ, ಆನ್ ಆಗುತ್ತೆ, ಆದ್ರೆ ಏನೂ ಬರಲ್ಲ" ಅಂದರು. ತೆರೆದರೆ ಖಾಲಿ ಪರದೆ, ಕೆಳಗೊಂದು ಸಣ್ಣ ಪಟ್ಟಿ. ಹಾಳಾಗಿರಲಿಲ್ಲ. ವಿಂಡೋಸ್ ಕೀಲಿ ಜೊತೆ ಡಿ ಒತ್ತಿ ಪ್ರೋಗ್ರಾಂ ಹೆಸರು ಟೈಪ್ ಮಾಡಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ನಿಮ್ಮದು ಮೂರು ತಲೆಮಾರು ಬಳಸುವ ಯಂತ್ರ. ಐಸ್‌ಡಬ್ಲ್ಯೂಎಂ ಹಾಕಿ. 1997ರಿಂದ ಇದೆ, ಈಗಲೂ ಹೊಸ ಆವೃತ್ತಿ ಬರುತ್ತಿದೆ. ಕೆಳಗೆ ಟಾಸ್ಕ್‌ಬಾರ್, ಎಡಕ್ಕೆ ಮೆನು, ಬಲಕ್ಕೆ ಗಡಿಯಾರ, ಐಕಾನ್ ಕೂರಲು ಜಾಗ, ಎಲ್ಲ ಅದರೊಳಗೇ ಬರುತ್ತದೆ. ವಿಂಡೋಸ್ 95 ಕಾಲದ ಮುಖ. ಚಂದವೇನಲ್ಲ. ಆದರೆ ನಿಮ್ಮಪ್ಪನಿಗೆ ಎಲ್ಲಿ ಒತ್ತಬೇಕು ಅಂತ ಹೇಳಿಕೊಡಬೇಕಾಗಿಲ್ಲ. ಜೆಡಬ್ಲ್ಯೂಎಂ ಕೂಡ ಹೀಗೇ ಟಾಸ್ಕ್‌ಬಾರ್ ಸಮೇತ ಬರುತ್ತದೆ. ಪಪ್ಪಿ ಲಿನಕ್ಸ್‌ನಲ್ಲಿ ನೋಡಿರುತ್ತೀರಿ. ಅದೂ ಆದೀತು.

ಡೆಬಿಯನ್ ಮೇಲೆ ನೀವೇ ಹಾಕುವುದಾದರೆ ಒಂದು ಜಾಗದಲ್ಲಿ ಎಲ್ಲರೂ ಸಿಕ್ಕಿಬೀಳುತ್ತಾರೆ. ಲಾಗಿನ್ ಆದ ತಕ್ಷಣ ಏನೇನು ಶುರುವಾಗಬೇಕು (ವೈಫೈಗೆ ಎನ್‌ಎಂ-ಆ್ಯಪ್ಲೆಟ್, ಬ್ಯಾಟರಿಗೆ ಸಿಬ್ಯಾಟ್‌ಐಕಾನ್) ಅನ್ನುವುದನ್ನು ಐಸ್‌ಡಬ್ಲ್ಯೂಎಂನ ಅಡಗಿದ ಫೋಲ್ಡರ್‌ನಲ್ಲಿ 'ಸ್ಟಾರ್ಟಪ್' ಅನ್ನುವ ಫೈಲಿನಲ್ಲಿ ಬರೆಯಬೇಕು. ಬರೆದರೆ ಸಾಲದು, ಆ ಫೈಲನ್ನು ಓಡಿಸಲು ಅನುಮತಿಯನ್ನೂ ಕೊಡಬೇಕು. ಫೈಲ್ ಮೇಲೆ ಬಲ ಕ್ಲಿಕ್, ಪ್ರಾಪರ್ಟೀಸ್, ಪರ್ಮಿಷನ್ಸ್, ಅಲ್ಲಿ ಎಕ್ಸಿಕ್ಯೂಟ್. ಕೊಡದಿದ್ದರೆ ಪರದೆ ಮೇಲೆ ಯಾವ ದೂರೂ ಬರುವುದಿಲ್ಲ, ಐಕಾನ್‌ಗಳೂ ಬರುವುದಿಲ್ಲ. ಪೆನ್‌ಡ್ರೈವ್‌ಗೆ ಪಿಸಿಮ್ಯಾನ್‌ಎಫ್‌ಎಂ ಫೈಲ್ ಮ್ಯಾನೇಜರ್ ಸಾಕು.

ಇಷ್ಟೆಲ್ಲ ಯಾರು ಮಾಡ್ತಾರೆ ಅನ್ನಿಸಿದರೆ ಆ್ಯಂಟಿಎಕ್ಸ್ ಹಾಕಿಕೊಳ್ಳಿ. ಡೆಬಿಯನ್ ಮೇಲೇ ಕಟ್ಟಿದ್ದು, ಐಸ್‌ಡಬ್ಲ್ಯೂಎಂ ಜೋಡಿಸಿಯೇ ಕೊಡುತ್ತಾರೆ. ಅದಕ್ಕೆ ಮೊದಲು ಟರ್ಮಿನಲ್‌ನಲ್ಲಿ ಎಲ್‌ಎಸ್‌ಸಿಪಿಯು ಕೊಟ್ಟು ಪ್ರೊಸೆಸರ್ 64 ಬಿಟ್ಟಾ ಅಂತ ನೋಡಿ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಯಂತ್ರಗಳಿಗೆ ಇನ್‌ಸ್ಟಾಲರ್ ಇಲ್ಲ.

ದುಡ್ಡು ಹಾಕುವುದಿದ್ದರೆ ಎಸ್‌ಎಸ್‌ಡಿಗೆ ಹಾಕಿ. ಯಾವ ವಿಂಡೋ ಮ್ಯಾನೇಜರ್ ಬದಲಿಸಿದರೂ ಸಿಗದ ವೇಗ ಅದರಲ್ಲಿ ಸಿಗುತ್ತದೆ. ದುಡ್ಡಿಲ್ಲದೆ ಆಗುವುದು ಝಡ್‌ರ‍್ಯಾಮ್. ರ‍್ಯಾಮ್‌ನಲ್ಲಿ ಇರುವುದನ್ನೇ ಒತ್ತಿ ಚಿಕ್ಕದು ಮಾಡಿ ಇಡುತ್ತದೆ. 2 ಜಿಬಿಯವರಿಗೆ ಅದು ದೊಡ್ಡ ಉಪಕಾರ.

ಪ್ರಶ್ನೆ: ಮೇಡಂ, ನಾನು ಶಿವಮೊಗ್ಗದಲ್ಲಿ ಕಂಪ್ಯೂಟರ್ ಸೈನ್ಸ್ ಓದುತ್ತಿದ್ದೇನೆ. ಕ್ಲಾಸಿನಲ್ಲಿ ಎಲ್ಲರೂ ಟೈಲಿಂಗ್ (ಕಿಟಕಿಗಳನ್ನು ತಾನೇ ಅಕ್ಕಪಕ್ಕ ಜೋಡಿಸುವುದು) ಅಂತಿದ್ದಾರೆ. ಐ3 ಹಾಕಲಾ, ಡಿಡಬ್ಲ್ಯೂಎಂ ಹಾಕಲಾ? ನನ್ನದು 1366×768 ಪರದೆ.
— ವಿದ್ಯಾರ್ಥಿ, ವಿನೋಬನಗರ

ಉತ್ತರ: ಐ3 ಹಾಕು ತಮ್ಮಾ. 2009ರಿಂದ ಇದೆ, ಸೆಟ್ಟಿಂಗ್ ಎಲ್ಲ ಒಂದು ಸಾದಾ ಪಠ್ಯದ ಫೈಲ್. ತಿದ್ದಿ, ಕೀಲಿ ಒತ್ತಿದರೆ ಅಲ್ಲೇ ಜಾರಿಗೆ ಬರುತ್ತದೆ. 2006ರ ಡಿಡಬ್ಲ್ಯೂಎಂನಲ್ಲಿ ಹಾಗಲ್ಲ. ಬಣ್ಣ ಬದಲಿಸಬೇಕೆಂದರೂ ಸಿ ಭಾಷೆಯ ಫೈಲ್ ತಿದ್ದಿ ಮತ್ತೆ ಕಂಪೈಲ್ ಮಾಡಬೇಕು. ಕೋಡ್ 2000 ಸಾಲು ದಾಟಬಾರದು ಅಂತ ಬರೆದವರೇ ನಿಯಮ ಹಾಕಿಕೊಂಡಿದ್ದಾರೆ. ಓದಲು ಅದು ಒಳ್ಳೇದು, ಒಂದು ಭಾನುವಾರ ಕೂತು ಓದು. ದಿನದ ಬಳಕೆಗೆ ಮಾತ್ರ ನಾನು ಹೇಳುವುದಿಲ್ಲ.

ಇನ್ನೊಂದು ಕಾರಣ ಇದೆ, ನಿನ್ನ ಕ್ಲಾಸಿನವರು ಹೇಳಿರಲಿಕ್ಕಿಲ್ಲ. ಡಿಡಬ್ಲ್ಯೂಎಂ ಅಕ್ಷರಗಳನ್ನು ಒಂದರ ಪಕ್ಕ ಒಂದು ಇಡುತ್ತಾ ಹೋಗುತ್ತದೆ, ಜೋಡಿಸುವುದಿಲ್ಲ. 'ಶಿವಮೊಗ್ಗ' ಅಂತ ಹೆಸರಿಟ್ಟ ಫೈಲ್ ತೆರೆದು ಮೇಲಿನ ಪಟ್ಟಿ ನೋಡು. ಒತ್ತು ಕೆಳಗೆ ಕೂರದೆ ಎರಡು ಗ ಅಕ್ಕಪಕ್ಕ ನಿಂತಿರುತ್ತವೆ. ಐ3 ಮತ್ತು ಓಪನ್‌ಬಾಕ್ಸ್ ಪ್ಯಾಂಗೋ ಅನ್ನುವ ಲೈಬ್ರರಿ ಬಳಸುತ್ತವೆ, ಅಲ್ಲಿ ಕನ್ನಡ ನೆಟ್ಟಗೆ ಬರುತ್ತದೆ. ಐ3ಯ ಸೆಟ್ಟಿಂಗ್‌ನಲ್ಲಿ ಫಾಂಟ್ ಹೆಸರಿಗೆ ಮೊದಲು 'ಪ್ಯಾಂಗೋ' ಅಂತ ಬರೆದು ಕೋಲನ್ ಹಾಕುವುದನ್ನು ಮರೆಯಬೇಡ.

ಪರದೆಯ ಮಾತು. 1366ನ್ನು ಎರಡು ಭಾಗ ಮಾಡಿದರೆ ಒಂದೊಂದಕ್ಕೆ 683. ಅಷ್ಟು ಅಗಲದಲ್ಲಿ ಎಷ್ಟೋ ವೆಬ್‌ಸೈಟ್‌ಗಳು ಮೊಬೈಲಿನ ಮುಖ ತೋರಿಸಲು ಶುರು ಮಾಡುತ್ತವೆ. ಯೂಟ್ಯೂಬಿನಲ್ಲಿ ನಾಲ್ಕು ಕಿಟಕಿ ಜೋಡಿಸಿ ತೋರಿಸುವವರ ಮಾನಿಟರ್ ಎಷ್ಟು ದೊಡ್ಡದಿದೆ ನೋಡಿದ್ದೀಯಾ? ನೀನು ಮಾಡ್ ಕೀಲಿ (ಸಾಮಾನ್ಯವಾಗಿ ವಿಂಡೋಸ್ ಕೀಲಿ) ಜೊತೆ ಡಬ್ಲ್ಯೂ ಒತ್ತು. ಕಿಟಕಿಗಳು ಪೂರ್ತಿ ಅಗಲಕ್ಕೆ ಬಂದು ಮೇಲೆ ಟ್ಯಾಬ್ ಆಗುತ್ತವೆ. ಚಿಕ್ಕ ಪರದೆಗೆ ಅದೇ ಸರಿ. ಕೋಡ್ ಮತ್ತು ಟರ್ಮಿನಲ್ ಮಾತ್ರ ಅಕ್ಕಪಕ್ಕ ಇಟ್ಟುಕೋ.

ಸೆಮಿನಾರ್ ಇದ್ದರೆ ಹಿಂದಿನ ದಿನವೇ ಎರ‍್ಯಾಂಡರ್ (ಎರಡನೇ ಪರದೆಯನ್ನು ಹೊಂದಿಸುವ ಪ್ರೋಗ್ರಾಂ) ಹಾಕಿಟ್ಟುಕೋ. ಪ್ರೊಜೆಕ್ಟರ್ ವೈರ್ ಚುಚ್ಚಿದರೆ ಐ3 ತಾನಾಗಿ ಏನೂ ಮಾಡುವುದಿಲ್ಲ. ಇಡೀ ಕ್ಲಾಸು ನೋಡುತ್ತಿರುವಾಗ ಕಮಾಂಡ್ ಹುಡುಕುವುದು ಬೇಡ ಅಲ್ವಾ.

ಪ್ರಶ್ನೆ: ಓಪನ್‌ಬಾಕ್ಸ್‌ಗೆ ಬಂದೆ, ಯಂತ್ರ ಹಗುರಾಯಿತು, ಖುಷಿ. ಆದರೆ ಕನ್ನಡ ಟೈಪ್ ಮಾಡಿಸುವ ಐಬಸ್‌ನ ಐಕಾನ್ ಮಾಯ, ಕನ್ನಡ ಟೈಪ್ ಆಗುತ್ತಿಲ್ಲ. ನುಡಿಯ ಕೀಲಿಮಣೆ ಬಿಟ್ಟು ನನಗೆ ಬೇರೆ ಬರುವುದಿಲ್ಲ.
— ಡಿಟಿಪಿ ಕೆಲಸ, ಕೊಪ್ಪ

ಉತ್ತರ: ನಮ್ಮ ಜಾತಿಯವರೇ ನೀವು! ಐಬಸ್ ಎಲ್ಲಿಯೂ ಹೋಗಿಲ್ಲ. ಅದನ್ನು ಶುರು ಮಾಡುತ್ತಿದ್ದುದು ಗ್ನೋಮ್, ಐಕಾನ್‌ಗೆ ಜಾಗ ಕೊಡುತ್ತಿದ್ದುದೂ ಗ್ನೋಮ್. ಓಪನ್‌ಬಾಕ್ಸ್‌ಗೆ ಪ್ಯಾನೆಲ್ಲೇ (ಐಕಾನ್ ಕೂರುವ ಪಟ್ಟಿ) ಇಲ್ಲ. ಟಿಂಟ್2 ಹಾಕಿ. ಓಪನ್‌ಬಾಕ್ಸ್‌ನ ಆಟೋಸ್ಟಾರ್ಟ್ ಫೈಲಿನಲ್ಲಿ ಟಿಂಟ್2 ಮತ್ತು ಐಬಸ್-ಡೀಮನ್ ಎರಡನ್ನೂ ಬರೆಯಿರಿ. ಟಿಂಟ್2 ಸಾಲಿನ ಕೊನೆಗೆ & ಗುರುತು ಇರಲೇಬೇಕು. ಇಲ್ಲದಿದ್ದರೆ ಅದು ಮುಗಿಯಲಿ ಅಂತ ಕಾಯುತ್ತಾ ಕೆಳಗಿನ ಸಾಲುಗಳು ಶುರುವಾಗುವುದೇ ಇಲ್ಲ. ಡೆಬಿಯನ್ ಆದರೆ ಐಎಂ-ಕಾನ್ಫಿಗ್ ಒಮ್ಮೆ ಓಡಿಸಿ ಐಬಸ್ ಆರಿಸಿ, ಲಾಗ್‌ಔಟ್ ಆಗಿ ಬನ್ನಿ. ಐಬಸ್‌ನ ಎಂ17ಎನ್ ಕಂತೆಯಲ್ಲಿ ಕಗಪ ಕೀಲಿಮಣೆ ಇದೆ, ನಿಮ್ಮ ನುಡಿ ಬೆರಳೇ ಅಲ್ಲೂ ನಡೆಯುತ್ತದೆ.

ನನ್ನ ಅಂಗಡಿಯ ಹಳೇ ಯಂತ್ರದಲ್ಲಿ ಐಬಸ್ ಕೂಡ ಇಲ್ಲ. ಎಕ್ಸ್‌ನ ಕೀಲಿಮಣೆ ಪಟ್ಟಿಯಲ್ಲೇ ಕನ್ನಡ ಕಗಪ ಇದೆ. ಸೆಟ್‌ಎಕ್ಸ್‌ಕೆಬಿಮ್ಯಾಪ್ ಕಮಾಂಡಿಗೆ ಇಂಗ್ಲಿಷ್ ಮತ್ತು ಭಾರತೀಯ ವಿನ್ಯಾಸ ಎರಡನ್ನೂ ಕೊಟ್ಟು, ಎರಡನೆಯದಕ್ಕೆ ಕಗಪ ರೂಪ ಆರಿಸಿ, ಆಲ್ಟ್-ಶಿಫ್ಟ್‌ಗೆ ಬದಲಾಗುವಂತೆ ಮಾಡಿ ಆಟೋಸ್ಟಾರ್ಟ್‌ನಲ್ಲಿ ಇಟ್ಟಿದ್ದೇನೆ. ಹಿನ್ನೆಲೆಯಲ್ಲಿ ಯಾವ ಪ್ರೋಗ್ರಾಮೂ ಓಡಬೇಕಾಗಿಲ್ಲ. ಲಗ್ನಪತ್ರಿಕೆಗಳೆಲ್ಲ ಅದರಲ್ಲೇ ಆಗುತ್ತವೆ. ಆದರೆ ಎರಡು ದಾರಿಯನ್ನೂ ಒಟ್ಟಿಗೆ ಹಿಡಿಯಬೇಡಿ. ಐಬಸ್ ಇದ್ದರೆ ಇದಕ್ಕೆ ಅಡ್ಡ ಬರುತ್ತದೆ. ನುಡಿಯ ಹಳೇ ಫೈಲುಗಳು ತೆರೆದಾಗ ಗೋಜಲಾಗಿ ಕಂಡರೆ ಅದು ಯೂನಿಕೋಡ್ ಅಲ್ಲದ ಫಾಂಟಿನ ತೊಂದರೆ. ಓಪನ್‌ಬಾಕ್ಸ್ ಮೇಲೆ ತಪ್ಪು ಹೊರಿಸಬೇಡಿ.

ಪ್ರಶ್ನೆ: ಓಪನ್‌ಬಾಕ್ಸ್‌ನ ಕೊನೆಯ ಆವೃತ್ತಿ 2015ರದ್ದು. ಸತ್ತ ಕುದುರೆ ಹತ್ತಬೇಕಾ? ಎಕ್ಸ್ ಬದಲಿಗೆ ವೇಲ್ಯಾಂಡ್ ಬಂತಲ್ಲ?
— ಸಾಗರ

ಉತ್ತರ: 3.6.1, 2015, ನಿಜ. ಆದರೆ ಈಗಲೂ ಕೆಲಸ ಮಾಡುತ್ತದೆ. ಎಕ್ಸ್ ಇರುವ ತನಕ ಹಳೇ ಯಂತ್ರದಲ್ಲಿ ಚಿಂತೆ ಬೇಡ. ಹೊಸ ಯಂತ್ರಕ್ಕೆ ಕೇಳುತ್ತಿದ್ದರೆ ಲ್ಯಾಬ್‌ಡಬ್ಲ್ಯೂಸಿ ನೋಡಿ. ವೇಲ್ಯಾಂಡ್ ಮೇಲೆ ಓಪನ್‌ಬಾಕ್ಸ್ ರೀತಿಯಲ್ಲೇ ನಡೆಯುತ್ತದೆ, ಅದರ ಥೀಮ್‌ಗಳನ್ನೂ ಓದುತ್ತದೆ. 2024ರ ಅಕ್ಟೋಬರ್‌ನಲ್ಲಿ ರಾಸ್ಪ್‌ಬೆರಿ ಪೈ ಓಎಸ್ ಅದಕ್ಕೇ ಬದಲಾಯಿತು. ಐ3 ಇಷ್ಟಪಡುವವರಿಗೆ ಅಲ್ಲಿ ಸ್ವೇ ಇದೆ.

ಪ್ರಶ್ನೆ: ಓಪನ್‌ಬಿಎಸ್‌ಡಿ (ಯುನಿಕ್ಸ್ ಮಾದರಿಯ ಇನ್ನೊಂದು ಓಎಸ್) ಹಾಕಿದ್ದೇನೆ. ಏನು ಹಾಕಿಕೊಳ್ಳಲಿ?
— ಭದ್ರಾವತಿ

ಉತ್ತರ: ಏನೂ ಬೇಡ. ಎಫ್‌ವಿಡಬ್ಲ್ಯೂಎಂ, ಸಿಡಬ್ಲ್ಯೂಎಂ, ಟಿಡಬ್ಲ್ಯೂಎಂ ಮೂರೂ ಅದರ ಜೊತೆಗೇ ಬಂದಿವೆ. ಸಿಡಬ್ಲ್ಯೂಎಂ ಶುರು ಮಾಡಿ, ಅದರ ಕೈಪಿಡಿ ಪುಟ ಓದಿ. ಆ ಊರಿನವರು ಕೈಪಿಡಿ ಚೆನ್ನಾಗಿ ಬರೆಯುತ್ತಾರೆ.

ಪ್ರಶ್ನೆ: ಇದನ್ನೆಲ್ಲ ಬದಲಿಸಲು ಹೋಗಿ ನನ್ನ ಫೋಟೋ, ಪಾಠದ ಟಿಪ್ಪಣಿಗಳು ಅಳಿಸಿಹೋದರೆ?
— ನಿವೃತ್ತ ಶಿಕ್ಷಕರು, ಶೃಂಗೇರಿ

ಉತ್ತರ: ಹೋಗುವುದಿಲ್ಲ ಮೇಷ್ಟ್ರೇ. ವಿಂಡೋ ಮ್ಯಾನೇಜರ್ ಬದಲಿಸಿದರೆ ನಿಮ್ಮ ಹೋಮ್ ಫೋಲ್ಡರಿನ ಫೋಟೋ, ಟಿಪ್ಪಣಿಗಳನ್ನು ಯಾರೂ ಮುಟ್ಟುವುದಿಲ್ಲ. ಎರಡು ಮೂರು ಹಾಕಿ ನೋಡಬಹುದು, ಒಂದರ ಪಕ್ಕ ಒಂದು ಇರುತ್ತವೆ. ಪಾಸ್‌ವರ್ಡ್ ಕೊಡುವ ಪರದೆಯ ಮೂಲೆಯಲ್ಲಿ ಒಂದು ಪುಟ್ಟ ಚಕ್ರವೋ ಪಟ್ಟಿಯೋ ಇರುತ್ತದೆ. ಅಲ್ಲಿ ಇವತ್ತಿಗೆ ಯಾವುದು ಅಂತ ಆರಿಸಿಕೊಂಡು ಒಳಗೆ ಹೋಗಿ. ಸರಿ ಬರಲಿಲ್ಲವಾ, ಲಾಗ್‌ಔಟ್ ಆಗಿ ಹಳೆಯದಕ್ಕೇ ಬನ್ನಿ. ಒಂದೇ ಎಚ್ಚರ: ಹೊಸದು ಒಗ್ಗಿತು ಅಂತ ಅವಸರದಲ್ಲಿ ಗ್ನೋಮ್ ಕಿತ್ತು ಹಾಕಬೇಡಿ. ಅದರ ಜೊತೆಗೆ ವೈಫೈ ನೋಡಿಕೊಳ್ಳುವ ನೆಟ್‌ವರ್ಕ್ ಮ್ಯಾನೇಜರ್ ಕೂಡ ಹೋಗಿಬಿಡಬಹುದು. ಆಮೇಲೆ ಅದನ್ನು ವಾಪಸ್ ಇಳಿಸಿಕೊಳ್ಳಲು ಇಂಟರ್‌ನೆಟ್ಟೇ ಇರುವುದಿಲ್ಲ.